'ಕಳಚಿ ಬಿತ್ತು' ಎಂದಾಗ ಕಳಚಿದವರು ಯಾರು?

ಹೋದ ತಿಂಗಳು ನಮ್ಮ ವಿಭಾಗದ ಸೆಮಿನಾರಿಗೆ ಬಂದಿದ್ದ ಅತಿಥಿಗಳು ತಂತ್ರಜ್ಞಾನ ಮತ್ತು ನೈತಿಕತೆಯ ಬಗ್ಗೆ ಚೆನ್ನಾಗಿಯೇ ಮಾತಾಡಿದರು. ಪ್ರಶ್ನೆಗಳ ಹೊತ್ತಿಗೆ ಎಂ.ಎ. ಮೊದಲ ವರ್ಷದ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಹಳೇ ವಿಮಾನ ಹಾರುತ್ತಿರುವಾಗ ಅದರ ಒಂದು ಭಾಗ ಕಳಚಿ ಬಿತ್ತು ಅಂತಿಟ್ಟುಕೊಳ್ಳಿ. ಅದಕ್ಕೆ ಯಾರು ಹೊಣೆ?" ಅತಿಥಿಗಳು ನಕ್ಕು, ಈ ಪ್ರಶ್ನೆಯೇ ಹಳತಾಯಿತಮ್ಮ ಎಂದರು. ಇಷ್ಟು ಸಂಕೀರ್ಣವಾದ ವ್ಯವಸ್ಥೆಯಲ್ಲಿ ಹೊಣೆ ಎಲ್ಲರಲ್ಲೂ ಹಂಚಿಹೋಗಿರುತ್ತದೆ, ಒಬ್ಬರ ಕಡೆ ಬೆರಳು ತೋರಿಸುವುದು ಬಾಲಿಶ ಎಂಬುದು ಅವರ ಉತ್ತರ. ಸಭೆ ತಲೆದೂಗಿತು. ನಾನೂ ತಲೆದೂಗಿದೆ. ಆಮೇಲೆ ಚಹಾ, ಬಿಸ್ಕತ್ತು.

ರಾತ್ರಿ ಹಾಸ್ಟೆಲ್ಲಿಗೆ ಬಂದ ಮೇಲೆ ಆ ತಲೆದೂಗಿದ್ದಕ್ಕೆ ನಾಚಿಕೆಯಾಯಿತು. ಏಕೆಂದರೆ ಈ ಪ್ರಶ್ನೆ ನನ್ನ ಪಿಎಚ್.ಡಿ.ಯ ಹೊಸ್ತಿಲಲ್ಲೇ ಕೂತಿದೆ. ಕನ್ನಡ ಪತ್ರಿಕಾ ವರದಿಗಳಲ್ಲಿ ಕ್ರಿಯಾಪದಗಳ ಬಳಕೆ ಎಂಬುದು ನನ್ನ ವಿಷಯ. ಕೇಳಲು ಒಣಕಲು. ಆದರೆ ನಾಲ್ಕು ವರ್ಷ ಸುದ್ದಿಯ ಕ್ರಿಯಾಪದಗಳನ್ನು ಗುಡ್ಡೆ ಹಾಕಿಕೊಂಡು ಕೂತವಳಿಗೆ ಒಂದು ಸಂಗತಿ ಕಣ್ಣಿಗೆ ಹೊಡೆಯದೆ ಇರದು. ಸೇತುವೆ ಕುಸಿಯಿತು, ಚಾವಣಿ ಬಿತ್ತು, ತಂತಿ ತುಂಡಾಯಿತು, ಚಕ್ರ ಕಳಚಿತು. ಎಲ್ಲವೂ ಅಕರ್ಮಕ. ನಮ್ಮ ವ್ಯಾಕರಣದಲ್ಲಿ 'ಬೀಳು' ಎಂಬುದಕ್ಕೆ 'ಬೀಳಿಸು' ಎಂಬ ಪ್ರೇರಣಾರ್ಥಕ ಜೋಡಿ ಇದೆ. ಸುದ್ದಿಮನೆಗೆ ಬರುವ ಹೊತ್ತಿಗೆ ಆ 'ಇಸು' ಪ್ರತ್ಯಯ ದಾರಿಯಲ್ಲೆಲ್ಲೋ ಉದುರಿಹೋಗಿರುತ್ತದೆ. 'ಕಳಚು' ಇನ್ನೂ ಜಾಣ ಪದ: ಅಂಗಿ ಕಳಚಿದ ಎಂದರೆ ಮಾಡಿದವನಿದ್ದಾನೆ, ಚಕ್ರ ಕಳಚಿತು ಎಂದರೆ ಯಾರೂ ಇಲ್ಲ. ವಸ್ತು ತಾನೇ ತೀರ್ಮಾನ ಮಾಡಿ ಬಿದ್ದುಬಿಟ್ಟಿತು ಎಂಬಂತೆ.

ಆ ಹುಡುಗಿಗೆ ಸಿಗಬೇಕಿದ್ದ ಉತ್ತರ ಒಂದು ನಿರ್ದಿಷ್ಟ ವಿಮಾನದ ಕಥೆಯಲ್ಲಿದೆ. ಅದನ್ನು ಪೂರ್ತಿ ಹೇಳುತ್ತೇನೆ.

1988ರ ಏಪ್ರಿಲ್ 28. ಅಲೋಹಾ ಏರ್‌ಲೈನ್ಸ್‌ನ 243ನೇ ವಿಮಾನ ಹವಾಯಿ ದ್ವೀಪಗಳ ಹಿಲೋದಿಂದ ಹೊನೊಲುಲುವಿಗೆ ಹೊರಟಿತು. ಒಳಗೆ 95 ಜನ. 24,000 ಅಡಿ ಎತ್ತರಕ್ಕೆ ಏರಿದ ಹೊತ್ತಿಗೆ ಮುಂಭಾಗದ ಮೇಲ್ಮೈ ಸುಮಾರು 18 ಅಡಿ ಉದ್ದಕ್ಕೆ ಹರಿದು ಗಾಳಿಪಾಲಾಯಿತು. ಮುಂದಿನ ಸಾಲುಗಳ ಪ್ರಯಾಣಿಕರು ಬೆಲ್ಟ್ ಕಟ್ಟಿಕೊಂಡು ಬಯಲು ಆಕಾಶದಲ್ಲಿ ಕೂತಿದ್ದರು. ಪೈಲಟ್‌ಗಳು ಹದಿಮೂರು ನಿಮಿಷದಲ್ಲಿ ಆ ಅರೆಬರೆ ವಿಮಾನವನ್ನು ಮಾವಿ ದ್ವೀಪದ ಕಹುಲುಯಿಯಲ್ಲಿ ಇಳಿಸಿದರು. 65 ಜನ ಗಾಯಗೊಂಡರು. ನಡುದಾರಿಯಲ್ಲಿ ನಿಂತು ಪಾನೀಯ ಕೊಡುತ್ತಿದ್ದ ಗಗನಸಖಿ ಕ್ಲಾರಾಬೆಲ್ ಲ್ಯಾನ್ಸಿಂಗ್ ಮೊದಲ ಕ್ಷಣದಲ್ಲೇ ಹೊರಗೆ ಎಸೆಯಲ್ಪಟ್ಟರು. ಅವರಿಗೆ 58 ವರ್ಷ, 37 ವರ್ಷದ ಸೇವೆ. ದೇಹ ಸಿಗಲಿಲ್ಲ.

ಬೋಯಿಂಗ್ 737-200 ಮಾದರಿಯ ಆ ವಿಮಾನಕ್ಕೆ 19 ವರ್ಷ ವಯಸ್ಸು. ಆದರೆ ವಿಮಾನದ ಮುಪ್ಪನ್ನು ವರ್ಷದಲ್ಲಿ ಎಣಿಸಿದರೆ ಮೋಸಹೋಗುತ್ತೇವೆ. ಪ್ರತಿ ಸಲ ಮೇಲೇರಿದಾಗ ಒಳಗೆ ಗಾಳಿಯ ಒತ್ತಡ ತುಂಬುತ್ತಾರೆ, ಮೈ ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. ತಂತಿಯನ್ನು ಕೈಯಿಂದ ಎಳೆದು ತುಂಡು ಮಾಡಲಾಗದಿದ್ದರೂ ಅತ್ತಿತ್ತ ಬಗ್ಗಿಸುತ್ತಾ ಹೋದರೆ ಪಟ್ಟನೆ ಮುರಿಯುತ್ತದಲ್ಲ, ಅದೇ ಲೆಕ್ಕ. ಈ ವಿಮಾನ ಹಾರಿದ್ದು 35,496 ಗಂಟೆ. ಏರಿ ಇಳಿದದ್ದು 89,680 ಸಲ. ಭಾಗಿಸಿ ನೋಡಿ, ಒಂದು ಹಾರಾಟಕ್ಕೆ 24 ನಿಮಿಷವೂ ಇಲ್ಲ. ದ್ವೀಪದಿಂದ ದ್ವೀಪಕ್ಕೆ, ನಮ್ಮ ಸಿಟಿ ಬಸ್ಸಿನ ಹಾಗೆ. ವಿನ್ಯಾಸ ಮಾಡುವಾಗ ಬೋಯಿಂಗ್ ಇಟ್ಟುಕೊಂಡಿದ್ದ ಗುರಿ 75,000 ಸಲ. ಸಮುದ್ರದ ಉಪ್ಪುಗಾಳಿ ಬೇರೆ.

ಈಗ ಯಾರಿಗೆ ಏನು ಗೊತ್ತಿತ್ತು ಎಂಬ ಪ್ರಶ್ನೆ.

ವಿಮಾನದ ಮೈ ಎಂದರೆ ಒಂದರ ಅಂಚಿನ ಮೇಲೆ ಇನ್ನೊಂದನ್ನಿಟ್ಟು ಜೋಡಿಸಿದ ಅಲ್ಯೂಮಿನಿಯಂ ಹಾಳೆಗಳು. ಮೊದಲ 737ಗಳಲ್ಲಿ ಈ ಜೋಡಣೆಯನ್ನು ಹಿಡಿದಿಡಬೇಕಿದ್ದದ್ದು ಮುಖ್ಯವಾಗಿ ಒಂದು ಅಂಟು. ಕೋಲ್ಡ್ ಬಾಂಡ್ ಅನ್ನುತ್ತಾರೆ. ರಿವೆಟ್‌ಗಳು ಅದರ ಜೊತೆಗಿನ ಆಸರೆ. ಬಳಸುವ ತನಕ ಈ ಅಂಟನ್ನು ಕೊರೆಯುವ ತಂಪಿನಲ್ಲಿಡಬೇಕು, ಅಂಟಿಸುವ ಮೇಲ್ಮೈ ಚೊಕ್ಕಟವಾಗಿರಬೇಕು. ಅಂಟಿಸುವಾಗ ತೇವ ಸೇರಿದರೆ ಹಿಡಿತ ನಿಲ್ಲದು. ಅಂಟು ಬಿಟ್ಟ ಕಡೆ ತುಕ್ಕು. ಆಗ ಭಾರವೆಲ್ಲ ರಿವೆಟ್ ತೂತುಗಳ ಚೂಪು ಅಂಚಿನ ಮೇಲೆ. ಅಲ್ಲಿಂದ ಕೂದಲೆಳೆಯ ಬಿರುಕು ಶುರು.

ಇದು ಬೋಯಿಂಗ್‌ಗೆ 1988ರಲ್ಲಿ ಗೊತ್ತಾದದ್ದಲ್ಲ. 1970ರಲ್ಲೇ ಈ ಜೋಡಣೆಗಳ ತುಕ್ಕಿನ ಬಗ್ಗೆ ಕಂಪನಿ ವಿಮಾನ ಸಂಸ್ಥೆಗಳಿಗೆ ಸೂಚನಾಪತ್ರ ಕಳಿಸಿತ್ತು, 1972ರಲ್ಲಿ ಮತ್ತೊಂದು. ಅದೇ 1972ರಲ್ಲಿ, 291 ವಿಮಾನ ತಯಾರಾದ ಮೇಲೆ, ಜೋಡಣೆಯ ವಿಧಾನವನ್ನೇ ಬದಲಿಸಿತು. 292ನೆಯದರಿಂದ ಮುಂದಕ್ಕೆ ಈ ಅಂಟಿನ ಕಾಟವಿಲ್ಲ. ಮಾರಿ ಆಗಿದ್ದ 291ರ ಕಥೆ? ನೋಡುತ್ತಿರಿ, ಪರೀಕ್ಷಿಸುತ್ತಿರಿ, ಬಿರುಕು ಕಂಡರೆ ದುರಸ್ತಿ ಮಾಡಿಕೊಳ್ಳಿ. ಅಲೋಹಾದ ವಿಮಾನ 152ನೆಯದು. ಹೊಸ ಗಿರಾಕಿಗೆ ಸರಿಪಡಿಸಿದ ಮಾಲು, ಹಳೇ ಗಿರಾಕಿಗೆ ಸಲಹೆಯ ಪತ್ರ!

1987ರ ಆಗಸ್ಟಿನಲ್ಲಿ ಬೋಯಿಂಗ್ ತನ್ನ ಸಲಹೆಯನ್ನು ತುರ್ತು ಸೂಚನೆಯ ಮಟ್ಟಕ್ಕೆ ಏರಿಸಿತು. ಹಲವು ಜೋಡಣೆ ಸಾಲುಗಳ ಪಟ್ಟಿ ಕೊಟ್ಟು ಎಲ್ಲವನ್ನೂ ಪರೀಕ್ಷಿಸಿ ಎಂದಿತು. ಇದನ್ನು ಕಡ್ಡಾಯ ಮಾಡುವ ಅಧಿಕಾರ ಇದ್ದದ್ದು ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎಗೆ. ಅದು ನವೆಂಬರಿನಿಂದ ಜಾರಿಯಾಗುವ ಆದೇಶ ಹೊರಡಿಸಿತು, ಆದರೆ ಪಟ್ಟಿಯಿಂದ ಎಸ್-4 ಎಂಬ ಜೋಡಣೆಯನ್ನು ಮಾತ್ರ ಎತ್ತಿಕೊಂಡಿತು. ಎಡಬದಿಯಲ್ಲಿ ಅದಕ್ಕಿಂತ ಕೆಳಗಿರುವ ಎಸ್-10ಎಲ್ ಆದೇಶದಲ್ಲಿ ಇರಲಿಲ್ಲ. ತನಿಖೆಯ ಪ್ರಕಾರ ಹರಿಯಲು ಶುರುವಾದದ್ದು ಎಸ್-10ಎಲ್‌ನಲ್ಲಿ. ಎಫ್‌ಎಎ ಹುಟ್ಟಿದ್ದು 1958ರ ಕಾಯ್ದೆಯಿಂದ. ವಿಮಾನೋದ್ಯಮವನ್ನು ಬೆಳೆಸುವುದೂ ಅದರ ಕೆಲಸ, ಹದ್ದುಬಸ್ತಿನಲ್ಲಿಡುವುದೂ ಅದರ ಕೆಲಸ ಎಂದು ಬರೆದಿತ್ತು. ಬೆಳೆಸುವ ಆ ಜವಾಬ್ದಾರಿಯನ್ನು ಕಿತ್ತುಹಾಕಿದ್ದು 1996ರಲ್ಲಿ.

ಅಲೋಹಾದ ಆಡಳಿತಕ್ಕೂ ಗೊತ್ತಿರಲಿಲ್ಲ ಎನ್ನುವಂತಿಲ್ಲ. 1987ರಲ್ಲಿ ಬೋಯಿಂಗ್‌ನವರು ಅವರ ಹಳೇ ವಿಮಾನಗಳನ್ನು ನೋಡಿ, ಒಂದೆರಡು ತಿಂಗಳು ನಿಲ್ಲಿಸಿ ಪೂರ್ತಿ ಬಿಚ್ಚಿ ಸರಿಮಾಡಿ ಎಂಬ ಸಲಹೆ ಕೊಟ್ಟಿದ್ದರು. ಒಂದು ವಿಮಾನ ಎರಡು ತಿಂಗಳು ನಿಂತರೆ ಎಷ್ಟು ನಷ್ಟ ಎಂದು ಲೆಕ್ಕ ಹಾಕಲು ಕಂಪನಿಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ವಿಮಾನವನ್ನು ಸಂಪೂರ್ಣ ಬಿಚ್ಚಿ ನೋಡುವ ದೊಡ್ಡ ತಪಾಸಣೆಯನ್ನು ಅಲೋಹಾ 52 ತುಣುಕು ಮಾಡಿಕೊಂಡು, ಎಂಟು ವರ್ಷಗಳಲ್ಲಿ ಹಂಚಿಕೊಂಡಿತ್ತು. ಹಗಲು ಹಾರಾಟ, ರಾತ್ರಿ ರಿಪೇರಿ, ಬೆಳಗಾದರೆ ಮತ್ತೆ ಹಾರಾಟ. ಇಡೀ ಮೈಯನ್ನು ಒಂದೇ ಸಲ ಒಬ್ಬರೂ ನೋಡದ ಹಾಗೆ ಮಾಡಿದ ಏರ್ಪಾಡು ಅದು.

ಕೊನೆಗೆ ಇಬ್ಬರು ಇನ್ಸ್‌ಪೆಕ್ಟರ್‌ಗಳು. 1987ರ ನವೆಂಬರಿನಲ್ಲಿ ಎಸ್-4 ಜೋಡಣೆಯನ್ನು ಪರೀಕ್ಷಿಸಿದವರು. ನೂರಾರು ರಿವೆಟ್ ತಲೆಗಳು, ಎಲ್ಲವೂ ಒಂದೇ ಥರ, ಪ್ರತಿಯೊಂದರ ಸುತ್ತ ಕಂಡೂ ಕಾಣದ ಬಿರುಕನ್ನು ಹುಡುಕಬೇಕು. ಕಾಣಬಹುದಾಗಿದ್ದ ಬಿರುಕುಗಳು ಎಸ್-4ರಲ್ಲೂ ಇದ್ದವು, ಅವರು ಕಾಣಲಿಲ್ಲ. ಇದು ತಪ್ಪು, ಸುಮ್ಮನೆ ಕರುಣೆಯಿಂದ ಅಳಿಸಿಹಾಕಲು ನಾನು ತಯಾರಿಲ್ಲ. ಆದರೆ ವಿಮಾನ ಹರಿದ ಕಡೆಗೆ ಅವರನ್ನು ಯಾವ ಆದೇಶವೂ ಕಳಿಸಿರಲಿಲ್ಲ.

ಇನ್ನೊಬ್ಬರಿದ್ದಾರೆ. ಆ ದಿನ ಹಿಲೋದಲ್ಲಿ ಹತ್ತುವಾಗ ಒಬ್ಬ ಪ್ರಯಾಣಿಕ ಮಹಿಳೆಗೆ ಬಾಗಿಲ ಹತ್ತಿರ, ರಿವೆಟ್ ಸಾಲಿನ ಉದ್ದಕ್ಕೂ ಬಿರುಕು ಕಂಡಿತ್ತು. ಎಸ್-10ಎಲ್ ಸಾಲಿನಲ್ಲೇ. ಆಕೆ ಯಾರಿಗೂ ಹೇಳಲಿಲ್ಲ. ಈ ಅಪಘಾತದ ಮಾತು ಬಂದಲ್ಲೆಲ್ಲ ಜನ ಈ ವಿವರಕ್ಕೆ ಬಂದು ನಿಲ್ಲುತ್ತಾರೆ. ಅಯ್ಯೋ, ಒಂದು ಮಾತು ಹೇಳಿದ್ದರೆ! ನನಗೆ ಆಕೆಯ ಬಗ್ಗೆ ಬೇರೆಯೇ ಭಾವನೆ. ನನ್ನ ಎರಡನೇ ವಿಮಾನ ಪ್ರಯಾಣದಲ್ಲಿ ಕಿಟಕಿಯ ಸೀಟು ಸಿಕ್ಕಿತ್ತು, ರೆಕ್ಕೆಯ ಮೇಲೆ ಬೆಳ್ಳಿ ಬಣ್ಣದ ಟೇಪು ಅಂಟಿಸಿತ್ತು. ಹಾಸ್ಟೆಲ್ಲಿನಲ್ಲಿ ಸೋರುವ ನಲ್ಲಿಗೆ ಸುತ್ತಿದ ಟೇಪಿನ ಹಾಗೇ. ಎದೆ ಧಸಕ್ಕೆಂದಿತು. ಗಗನಸಖಿಯನ್ನು ಕರೆದು ಕೇಳೋಣವೆಂದು ಬೆರಳು ಬಟನ್ನಿನ ತನಕ ಹೋಯಿತು. ನಗುತ್ತಾರೇನೋ ಎಂದು ಕೈ ಹಿಂದೆ ತೆಗೆದುಕೊಂಡೆ. ಆಮೇಲೆ ಗೊತ್ತಾದದ್ದು, ಅದು ಸ್ಪೀಡ್ ಟೇಪ್ ಎಂಬ ಅಲ್ಯೂಮಿನಿಯಂ ಟೇಪು, ಸಣ್ಣಪುಟ್ಟ ತಾತ್ಕಾಲಿಕ ದುರಸ್ತಿಗೆ ಅನುಮತಿ ಇರುವಂಥದ್ದು. ನಾನು ಕಂಡದ್ದು ಅಪಾಯವಲ್ಲ, ಆಕೆ ಕಂಡದ್ದು ಅಪಾಯ. ನಮ್ಮಿಬ್ಬರಿಗೂ ಆ ವ್ಯತ್ಯಾಸ ತಿಳಿಯುವ ದಾರಿ ಇರಲಿಲ್ಲ. ತಿಳಿಯುವುದಕ್ಕೆಂದೇ ಸಂಬಳ ಪಡೆಯುವವರು ಬೇರೆ ಇದ್ದರು.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 1989ರಲ್ಲಿ ವರದಿ ಕೊಟ್ಟಿತು. ಅಪ್ರಾಮಾಣಿಕ ವರದಿಯಲ್ಲ; ನಾನು ಮೇಲೆ ಹೇಳಿದ್ದೆಲ್ಲ ಅದರೊಳಗೆ ಇದೆ. ಆದರೆ ವ್ಯಾಕರಣದ ಹುಡುಗಿ ಓದುವ ಹಾಗೆ ಓದಿ. 'ಸಂಭವನೀಯ ಕಾರಣ' ಎಂಬ ಮುಖ್ಯ ವಾಕ್ಯದ ಸಿಂಹಾಸನದಲ್ಲಿ ಇರುವುದು ಅಲೋಹಾದ ದುರಸ್ತಿ ವ್ಯವಸ್ಥೆ ಬಿರುಕನ್ನು ಪತ್ತೆಮಾಡಲಿಲ್ಲ ಎಂಬ ಸಂಗತಿ. ಎಫ್‌ಎಎ ಬರುವುದು 'ಪೂರಕ ಕಾರಣ'ಗಳ ಸಾಲಿನಲ್ಲಿ. ಬೋಯಿಂಗ್? ಸಮಸ್ಯೆಯನ್ನು ಶಾಶ್ವತವಾಗಿ ಮುಗಿಸುವ ಕ್ರಮ ಇರಲಿಲ್ಲ ಎಂದು ಕಟ್ಟಕಡೆಗೆ ಹೇಳಿ, ಅಂಥದ್ದನ್ನು ಬೋಯಿಂಗ್ ರೂಪಿಸಲಿಲ್ಲ, ಎಫ್‌ಎಎ ಕಡ್ಡಾಯ ಮಾಡಲಿಲ್ಲ ಎಂಬುದನ್ನು ಆವರಣ ಚಿಹ್ನೆಯೊಳಗೆ ಹಾಕಿದ್ದಾರೆ. ಅಂಟು ಆರಿಸಿದವರು, ಅದು ಕೆಟ್ಟದ್ದೆಂದು ಹದಿನಾರು ವರ್ಷ ಮೊದಲೇ ತಿಳಿದು ಹೊಸ ವಿಮಾನಗಳಲ್ಲಿ ಕೈಬಿಟ್ಟವರು ಆವರಣದೊಳಗೆ. ಬಿರುಕನ್ನು ಕಾಣದವರು ಮುಖ್ಯ ವಾಕ್ಯದಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಅನ್ನಲಾರೆ, ಎಮ್ಮೆಗೂ ಜ್ವರ ಇತ್ತು. ಆದರೆ ಬರೆಯ ಆಳದಲ್ಲಿ ವ್ಯತ್ಯಾಸ ಇದೆ.

ನನ್ನ ಪಟ್ಟಿ ಬೇರೆ. ಎರಡೇ ಪ್ರಶ್ನೆ ಕೇಳುತ್ತೇನೆ: ಯಾರಿಗೆ ಗೊತ್ತಿತ್ತು, ಅವರಲ್ಲಿ ಯಾರು ನಿಲ್ಲಿಸಬಹುದಿತ್ತು? ಎರಡಕ್ಕೂ ಹೌದು ಅನ್ನಬೇಕಾದವರು ಮೊದಲು. ಹಾಗಾಗಿ ಮೊದಲ ಹೆಸರು ಬೋಯಿಂಗ್. ಎರಡನೆಯದು ಪೂರ್ತಿ ಪಟ್ಟಿ ಕೈಯಲ್ಲಿದ್ದೂ ಅರ್ಧ ಆದೇಶ ಕೊಟ್ಟ ಎಫ್‌ಎಎ. ಮೂರನೆಯದು ಅಲೋಹಾದ ಆಡಳಿತ. ಇನ್ಸ್‌ಪೆಕ್ಟರ್‌ಗಳು ಕೊನೆಗೆ, ಅದೂ ಎಸ್-4ಕ್ಕೆ ಮಾತ್ರ. ಪ್ರಯಾಣಿಕ ಮಹಿಳೆ ಪಟ್ಟಿಯಲ್ಲೇ ಇಲ್ಲ. ಹೊಣೆ ಹಂಚಿಹೋಗಿದೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಸಮಪಾಲಾಗಿ ಹಂಚಿಹೋಗಿದೆ ಎಂದು ಯಾರು ಹೇಳಿದರು? ಮದುವೆಮನೆಯ ಪಂಕ್ತಿಯೇ ಇದು, ಎಲ್ಲರ ಎಲೆಗೂ ಒಂದೊಂದು ಹೋಳಿಗೆ ಹಾಕಲು?

ಹೀಗೆ ಕೇಳದೆ ಬರೀ ಕೈಯನ್ನು ಹುಡುಕಿಕೊಂಡು ಹೋದರೆ ಏನಾಗುತ್ತದೆ ಎಂಬುದಕ್ಕೆ ಪ್ಯಾರಿಸ್ಸಿನ ಕಾಂಕಾರ್ಡ್ ಮೊಕದ್ದಮೆ ಇದೆ. 2000ದ ಜುಲೈ 25ರಂದು ಕಾಂಟಿನೆಂಟಲ್ ಏರ್‌ಲೈನ್ಸ್‌ನ ಡಿಸಿ-10 ವಿಮಾನವೊಂದರಿಂದ ಟೈಟಾನಿಯಂ ಪಟ್ಟಿಯೊಂದು ಷಾರ್ಲ್ ದ ಗೋಲ್ ನಿಲ್ದಾಣದ ರನ್‌ವೇ ಮೇಲೆ ಬಿತ್ತು. ಉದ್ದ ಸುಮಾರು 43 ಸೆಂಟಿಮೀಟರ್. ನಮ್ಮ ಶಾಲೆಯ ಸ್ಕೇಲಿಗಿಂತ ಸ್ವಲ್ಪ ಉದ್ದ, ಅಗಲವೂ ಸುಮಾರು ಅಷ್ಟೇ. ಕೆಲವೇ ನಿಮಿಷದಲ್ಲಿ ಅದೇ ದಾರಿಯಲ್ಲಿ ಏರ್ ಫ್ರಾನ್ಸಿನ ಕಾಂಕಾರ್ಡ್ ಓಡಿತು. ಟೈರು ಸಿಡಿಯಿತು, ಟೈರಿನ ತುಂಡು ರೆಕ್ಕೆಯ ಕೆಳಭಾಗಕ್ಕೆ ಬಡಿದು ಇಂಧನದ ಟ್ಯಾಂಕು ಒಡೆಯಿತು, ಬೆಂಕಿ. ವಿಮಾನದೊಳಗಿದ್ದ 109 ಜನ, ನೆಲದ ಮೇಲೆ ನಾಲ್ವರು ಸತ್ತರು. ಆ ಪಟ್ಟಿಯನ್ನು ಎರಡು ವಾರದ ಹಿಂದೆ ಹ್ಯೂಸ್ಟನ್ನಿನಲ್ಲಿ ಅಳವಡಿಸಿದ್ದರು. ತಯಾರಕರು ಹೇಳಿದ ಲೋಹವೂ ಅಲ್ಲ, ಕ್ರಮವೂ ಅಲ್ಲ.

2010ರ ಡಿಸೆಂಬರಿನಲ್ಲಿ ಫ್ರಾನ್ಸಿನ ನ್ಯಾಯಾಲಯ ತೀರ್ಪು ಕೊಟ್ಟಿತು. ಕಾಂಟಿನೆಂಟಲ್ ಕಂಪನಿಗೆ ಎರಡು ಲಕ್ಷ ಯೂರೋ ದಂಡ. ವ್ಯಕ್ತಿಗಳ ಪೈಕಿ ಶಿಕ್ಷೆಯಾದದ್ದು ಒಬ್ಬನಿಗೇ, ಆ ಪಟ್ಟಿ ಮಾಡಿ ಕೂರಿಸಿದ ಮೆಕ್ಯಾನಿಕ್‌ಗೆ: 15 ತಿಂಗಳ ಅಮಾನತಾದ ಸೆರೆ. ಕಾಂಕಾರ್ಡ್ ಯೋಜನೆಯ ಹಿರಿಯ ಎಂಜಿನಿಯರುಗಳು, ಫ್ರಾನ್ಸಿನ ವಿಮಾನಯಾನ ಅಧಿಕಾರಿ, ಎಲ್ಲರೂ ಖುಲಾಸೆ. ಅವರ ಕಪಾಟಿನಲ್ಲಿ ಏನಿತ್ತು? ಅಪಘಾತಕ್ಕೆ ಮೊದಲು ಕಾಂಕಾರ್ಡ್‌ಗಳಲ್ಲಿ ಟೈರು ಸಿಡಿದ ಅಥವಾ ಗಾಳಿ ಹೋದ 57 ಪ್ರಕರಣಗಳ ದಾಖಲೆ. ಕೆಲವು ಸಲ ಇಂಧನ ಟ್ಯಾಂಕು ತೂತಾಗಿತ್ತು. 1979ರ ಜೂನಿನಲ್ಲಿ ವಾಷಿಂಗ್ಟನ್ನಿನಲ್ಲಿ ನಡೆದದ್ದಂತೂ ಮುಂದಿನ ದುರಂತದ ತಾಲೀಮಿನಂತಿತ್ತು. ಟ್ಯಾಂಕಿನ ಒಳಗೆ ಕೆವ್ಲಾರ್ ಪದರ, ಸುಲಭಕ್ಕೆ ಸಿಡಿಯದ ಹೊಸ ಟೈರು: ಇವೆರಡೂ ಆಗಬಹುದಾಗಿತ್ತು. 113 ಸಾವಿನ ಮೇಲೆ ಆಗಿಯೂ ಆಯಿತು, 2001ರ ನವೆಂಬರಿನಲ್ಲಿ ಕಾಂಕಾರ್ಡ್ ಮತ್ತೆ ಹಾರಿದ್ದು ಅವನ್ನು ಹಾಕಿಕೊಂಡೇ. ಇಪ್ಪತ್ತೊಂದು ವರ್ಷ ಮೊದಲೇ ಸೂಚನೆ ಸಿಕ್ಕವರು ಮನೆಗೆ ಹೋದರು. ತನ್ನ ಕೈಯಿಂದ ಹೋದ ಪಟ್ಟಿ ಸಾಗರದಾಚೆ ಇನ್ನೊಂದು ವಿಮಾನವನ್ನು ಸುಡಬಹುದೆಂದು ಕನಸಿನಲ್ಲೂ ಎಣಿಸಲಾಗದವನು ಅಪರಾಧಿ. 2012ರ ನವೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಇದೇ ಮಾತು ಹೇಳಿ ಅವನ ಶಿಕ್ಷೆಯನ್ನೂ ಕಂಪನಿಯ ಅಪರಾಧ ಹೊಣೆಯನ್ನೂ ರದ್ದು ಮಾಡಿತು. ಕಾಂಟಿನೆಂಟಲ್ ಪರಿಹಾರ ಕೊಡಬೇಕೆಂಬುದಷ್ಟೇ ಉಳಿಯಿತು. ಮೊದಲು ಒಬ್ಬ ಮೆಕ್ಯಾನಿಕ್, ಆಮೇಲೆ ಯಾರೂ ಇಲ್ಲ. ನಡುವೆ ನಿಲ್ಲಲು ಬೇಕಾದಷ್ಟು ಜಾಗ ಇತ್ತು.

ಕೈಗಳು ಬಾಯಿ ತೆರೆದದ್ದೂ ಉಂಟು. 1997ರ ಸೆಪ್ಟೆಂಬರಿನಲ್ಲಿ ಓಕ್‌ಲ್ಯಾಂಡಿನ ಹ್ಯಾಂಗರಿನಲ್ಲಿ ಅಲಾಸ್ಕಾ ಏರ್‌ಲೈನ್ಸ್‌ನ ಎಂಡಿ-83 ವಿಮಾನದ ಬಾಲದ ಜ್ಯಾಕ್‌ಸ್ಕ್ರೂ ಅಳೆದ ಪಾಳಿ, ಸವೆತ ಮಿತಿಯ ಅಂಚು ಮುಟ್ಟಿದೆ, ಬದಲಿಸಿ ಎಂದು ಬರೆಯಿತು. ಇನ್ನೊಂದು ಪಾಳಿ ಮರು ಅಳತೆ ಮಾಡಿ, ಮಿತಿಯೊಳಗಿದೆ ಎಂದು ವಿಮಾನವನ್ನು ಬಿಟ್ಟುಕೊಟ್ಟಿತು. ಅದಕ್ಕೆ ಗ್ರೀಸು ಹಚ್ಚುವ ಅವಧಿಯನ್ನು ಕಂಪನಿ ಮೊದಲೇ ಉದ್ದ ಮಾಡಿತ್ತು, ಎಫ್‌ಎಎ ಒಪ್ಪಿತ್ತು. 2000ದ ಜನವರಿ 31ರಂದು ಆ ಸ್ಕ್ರೂವಿನ ನಟ್ಟಿನ ಸುರುಳಿಗಳು ಸವೆದು ಕಿತ್ತುಬಂದವು. ವಿಮಾನ ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಸಮುದ್ರಕ್ಕೆ ಬಿತ್ತು, 88 ಜನ. ಬದಲಿಸಿ ಎಂದು ಬರೆದ ಕೈಗೆ ಗೊತ್ತಿತ್ತು, ನಿಲ್ಲಿಸುವ ಅಧಿಕಾರ ಇರಲಿಲ್ಲ.

ನಮ್ಮ ಅತಿಥಿಗಳ ವಾದಕ್ಕೆ ಒಂದು ಗಟ್ಟಿ ತಳಹದಿ ಇದೆ, ಅದನ್ನು ಅಲ್ಲಗಳೆದರೆ ನಾನು ಅಪ್ರಾಮಾಣಿಕಳಾಗುತ್ತೇನೆ. ಅಂತರರಾಷ್ಟ್ರೀಯ ವಿಮಾನಯಾನ ಒಪ್ಪಂದದ 13ನೇ ಅನುಬಂಧ ಹೇಳುವುದೇ ಹಾಗೆ: ಅಪಘಾತದ ತನಿಖೆ ಮುಂದಿನ ಅಪಘಾತ ತಡೆಯಲಿಕ್ಕೆ, ದೂಷಣೆಗಲ್ಲ. ಮೆಕ್ಯಾನಿಕ್ ಜೈಲಿಗೆ ಹೆದರಿದರೆ ತಪ್ಪನ್ನು ಮುಚ್ಚಿಡುತ್ತಾನೆ. ಹೆದರದಿದ್ದರೆ ಹೇಳುತ್ತಾನೆ, ನಾವೆಲ್ಲ ಬದುಕುತ್ತೇವೆ. ಈ ತತ್ವಕ್ಕೆ ನನ್ನ ಪೂರ್ತಿ ಬೆಂಬಲ ಇದೆ. ಆದರೆ ರಾತ್ರಿಪಾಳಿಯ ಕಾರ್ಮಿಕನಿಗೆಂದು ಹೊಲಿದ ಈ ಕವಚವನ್ನು ಈಗ ತೊಟ್ಟುಕೊಂಡು ಓಡಾಡುತ್ತಿರುವವರು ಯಾರೆಂದು ನೋಡಿ. 'ವ್ಯವಸ್ಥೆಯ ಲೋಪ' ಎಂಬ ಮಾತು ಹೆಚ್ಚು ಕೇಳಿಬರುವುದು ನಿರ್ದೇಶಕ ಮಂಡಳಿಗಳ ಹೇಳಿಕೆಗಳಲ್ಲಿ. ಜೇಮ್ಸ್ ರೀಸನ್ ಎಂಬ ಮನಶ್ಶಾಸ್ತ್ರಜ್ಞರ ತೂತು ಚೀಸ್ ತುಂಡುಗಳ ರೂಪಕವನ್ನು ಅತಿಥಿಗಳೂ ತೋರಿಸಿದರು: ಎಲ್ಲ ತುಂಡುಗಳ ತೂತು ಒಂದೇ ಸಾಲಿಗೆ ಬಂದಾಗ ಅಪಘಾತ. ಚೆಂದದ ಚಿತ್ರ. ಆದರೆ ಚೀಸಿನ ತೂತು ತಾನಾಗಿ ಆಗುತ್ತದೆ. ಎಫ್‌ಎಎ ಆದೇಶದಲ್ಲಿ ಎಸ್-10ಎಲ್ ಇರಬೇಕಿದ್ದ ಜಾಗದ ತೂತು ತಾನಾಗಿ ಆದದ್ದಲ್ಲ, ಒಬ್ಬರು ಮೇಜಿನ ಮುಂದೆ ಕೂತು ಮಾಡಿದ್ದು.

ವಿಮಾನ ಹಳತಾಗಿತ್ತು, ಏನು ಮಾಡೋಣ ಎಂಬ ಇನ್ನೊಂದು ಸಮಾಧಾನವೂ ಇದೆ. 2024ರ ಜನವರಿ 5ರಂದು ಪೋರ್ಟ್‌ಲ್ಯಾಂಡಿನಿಂದ ಏರಿದ ಬೋಯಿಂಗ್ 737 ಮ್ಯಾಕ್ಸ್ 9ರ ಬಾಗಿಲ ಮುಚ್ಚಳ ಹಾರಿಹೋದಾಗ ಆ ವಿಮಾನ ಗಿರಾಕಿಯ ಕೈಸೇರಿ ಮೂರು ತಿಂಗಳೂ ಆಗಿರಲಿಲ್ಲ. ಕೂರಿಸಬೇಕಿದ್ದ ನಾಲ್ಕು ಬೋಲ್ಟ್ ಕೂರಿಸಿರಲಿಲ್ಲ. ಆ ಮುಚ್ಚಳ ತೆಗೆದು ಹಾಕಿದ್ದಕ್ಕೆ ದಾಖಲೆಯೇ ಇರಲಿಲ್ಲ. ಇಲ್ಲಿ ಮಂಡಳಿ 2025ರಲ್ಲಿ ಬೋಯಿಂಗ್ ತನ್ನ ಕೆಲಸಗಾರರಿಗೆ ಸಾಕಷ್ಟು ತರಬೇತಿ, ಮಾರ್ಗದರ್ಶನ, ಮೇಲ್ವಿಚಾರಣೆ ಕೊಡಲಿಲ್ಲ ಎಂಬುದನ್ನೇ ಸಂಭವನೀಯ ಕಾರಣ ಎಂದು ಬರೆಯಿತು. ಈ ಸಲ ಬೋಯಿಂಗ್ ಆವರಣದೊಳಗಿಲ್ಲ, ಕರ್ತೃಪದದಲ್ಲಿದೆ. 36 ವರ್ಷದಲ್ಲಿ ಆದ ಈ ವ್ಯಾಕರಣದ ಬದಲಾವಣೆ ನನಗೆ ಸಣ್ಣದೆನಿಸುವುದಿಲ್ಲ.

ಅಗ್ಗದ ಟಿಕೆಟು ಬೇಕೆಂದ ನಾವೆಲ್ಲರೂ ಪಾಲುದಾರರು ಎನ್ನುವ ಸ್ನೇಹಿತರಿಗೆ ಒಂದೇ ಮಾತು: ಟಿಕೆಟಿನ ಮೇಲೆ 89,680 ಎಂದು ಅಚ್ಚು ಹಾಕಿರಲಿಲ್ಲ.

ಈ ಪರಿಭಾಷೆಯಲ್ಲಿ ಇನ್ನೊಂದು ಸಂಖ್ಯೆ ಇದೆ. ಇಷ್ಟು ಸಲಕ್ಕಿಂತ ಅಥವಾ ಇಷ್ಟು ಗಂಟೆಗಿಂತ ಹೆಚ್ಚು ಹಾರಿದ ಮೇಲೆ ಈ ಮಾದರಿಯ ವಿಮಾನ ಹಾರಕೂಡದು ಎಂಬ ಮಿತಿಯನ್ನು ತಯಾರಕರೇ ಪರೀಕ್ಷೆಯ ಆಧಾರದ ಮೇಲೆ ಗೊತ್ತುಮಾಡಿ ಹೇಳಬೇಕು, ವಿಮಾನ ಸಂಸ್ಥೆಗಳು ಅದನ್ನು ದಾಟಕೂಡದು ಎಂದು ಎಫ್‌ಎಎ ನಿಯಮ ಮಾಡಿತು. ಮೈತುಂಬ ಹರಡಿದ ದಣಿವಿನ ಬಿರುಕುಗಳನ್ನು ರಿವೆಟ್ ರಿವೆಟ್ ನೋಡಿ ಹಿಡಿಯುತ್ತೇವೆಂದು ಕೂರುವುದು ಸಾಲದು, ಒಂದು ಹಂತದ ಮೇಲೆ ಅದು ಇನ್ಸ್‌ಪೆಕ್ಟರ್ ಕಣ್ಣಿನ ಪ್ರಶ್ನೆಯಾಗಿ ಉಳಿಯುವುದಿಲ್ಲ ಎಂಬ ಒಪ್ಪಿಗೆ ಅದರಲ್ಲಿದೆ. ನಾನು ಇಷ್ಟು ಹೊತ್ತು ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಆ ನಿಯಮ ಹೊರಟದ್ದು 2010ರ ನವೆಂಬರಿನಲ್ಲಿ. ಲ್ಯಾನ್ಸಿಂಗ್ ಅವರ 37 ವರ್ಷದ ಸೇವೆ ಮುಗಿದು ಆಗ 22 ವರ್ಷ ಕಳೆದಿತ್ತು.